ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಯ ಮಾನಿಟರ್ ಕೆಟ್ಟಿದೆಯಾ? ಟ್ಯೂಬ್ ಎಸೆಯುವ ಮೊದಲು ವೈರ್ ನೋಡಿ

ಕೊಡಗಿನ ನಾಪೋಕ್ಲು ಹತ್ತಿರ ನನ್ನ ಚಿಕ್ಕಪ್ಪನ ಮಗನ ಹೋಂಸ್ಟೇ ಇದೆ. ಅಲ್ಲಿನ ಜಗುಲಿಯಲ್ಲಿ ಕಾಯಿನ್ ಹಾಕಿ ಆಡುವ ಒಂದು ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ನಿಂತಿದೆ. ಮೈಸೂರಿನಲ್ಲಿ ಬಾಗಿಲು ಹಾಕಿದ ಒಂದು ಗೇಮ್ ಪಾರ್ಲರಿನಿಂದ ತಂದದ್ದು. ಎರಡು ಮಳೆಗಾಲ ಚೆನ್ನಾಗಿಯೇ ಓಡಿತು. ಮೂರನೆಯ ವರ್ಷ ಕಕ್ಕಡ ತಿಂಗಳಲ್ಲಿ (ಜುಲೈ–ಆಗಸ್ಟ್) ಒಂದು ಸಂಜೆ ಚಿತ್ರ ಮಾಯವಾಗಿ, ಪರದೆಯ ನಡುವೆ ಒಂದೇ ಒಂದು ಬಿಳಿ ಗೆರೆ ಉಳಿಯಿತು. ನೋಡಲು ಬಂದವರು "ಪಿಕ್ಚರ್ ಟ್ಯೂಬ್ ಹೋಗಿದೆ, ಕಿತ್ತು ಎಲ್‌ಇಡಿ ಹಾಕಿಸಿ" ಎಂದು ಹೇಳಿ ಹೋದರು. ಮಾರನೇ ದಿನ ನಾನು ಬೋರ್ಡ್ ಬಿಚ್ಚಿ ಭೂತಗನ್ನಡಿ ಹಿಡಿದು ನೋಡಿದೆ. ಯೋಕ್, ಅಂದರೆ ಟ್ಯೂಬಿನ ಕುತ್ತಿಗೆಯ ಬುಡದಲ್ಲಿ ಕೂತ ತಾಮ್ರದ ಸುರುಳಿ, ಅದರ ಕನೆಕ್ಟರಿನ ಒಂದು ಪಿನ್ನಿನ ಸುತ್ತ ಕೂದಲೆಳೆಯಷ್ಟು ಬಿರುಕು ಇತ್ತು. ಅಲ್ಲಿಗೆ ಹೊಸ ಬೆಸುಗೆ ಬಿದ್ದ ಮೇಲೆ ಚಿತ್ರ ಮೊದಲಿನ ಹಾಗೆ ತುಂಬಿಕೊಂಡಿತು. ಟ್ಯೂಬಿಗೆ ಏನೂ ಆಗಿರಲಿಲ್ಲ.

ಆಮೇಲೆ ಹಲವು ಪೆಟ್ಟಿಗೆಗಳನ್ನು ಬಿಚ್ಚಿದ್ದೇನೆ. "ಮಾನಿಟರ್ ಹೋಯಿತು" ಎಂದು ಕರೆದ ಕಡೆ ನನಗೆ ಸಿಕ್ಕಿದ್ದು ಜಾಸ್ತಿ ವೈರು, ಕನೆಕ್ಟರು, ಬೆಸುಗೆ. ಟ್ಯೂಬೇ ಸತ್ತದ್ದು ಅಪರೂಪ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಚರ್ಮದ ಚಪ್ಪಲಿಗೂ ಬೂಷ್ಟು ಬರುವ ಊರಿನಲ್ಲಿ ತಾಮ್ರದ ಪಿನ್ನಿಗೆ ಕಿಲುಬು ಹಿಡಿಯದೆ ಇರುತ್ತದಾ? ಆದ್ದರಿಂದ ಈ ಬರಹ ಹೆಚ್ಚಾಗಿ ವೈರಿನ ಮೇಲೆ. ನಿಮ್ಮ ಪರದೆಯಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಮುಂದಿನ ಭಾಗವನ್ನು ಮಾತ್ರ ಬಿಡಬೇಡಿ.

ಹಿಂಬಾಗಿಲು ತೆಗೆಯುವ ಮೊದಲು

ಇದು ಹಳೆಯ ಗಾಜಿನ ಪಿಕ್ಚರ್ ಟ್ಯೂಬಿನ ಮಾನಿಟರ್. ಟಿವಿಯ ಹಾಗೆ ಪ್ಲಾಸ್ಟಿಕ್ ಕವಚ ಇರುವುದಿಲ್ಲ. ಹಿಂಬಾಗಿಲು ತೆಗೆದ ಕೂಡಲೇ ಎಲ್ಲವೂ ಕೈಗೆ ಸಿಗುತ್ತದೆ. ಅಪಾಯ ಇರುವುದು ಅಲ್ಲಿಯೇ.

ಟ್ಯೂಬಿನ ಬೆನ್ನ ಮೇಲೆ ಒಂದು ರಬ್ಬರ್ ಕಪ್, ಅದಕ್ಕೆ ಒಂದು ದಪ್ಪ ವೈರ್ ಇರುತ್ತದೆ. 19–20 ಇಂಚಿನ ಕಲರ್ ಟ್ಯೂಬಿನಲ್ಲಿ ಆ ವೈರಿನಲ್ಲಿ 20ರಿಂದ 25 ಸಾವಿರ ವೋಲ್ಟ್ ಓಡುತ್ತದೆ. ಪ್ಲಗ್ ತೆಗೆದ ಮೇಲೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ, ಕೆಲವೊಮ್ಮೆ ದಿನಗಟ್ಟಲೆ. ಎರಡನೆಯದು, ಪವರ್ ಭಾಗದ ದೊಡ್ಡ ಕೆಪಾಸಿಟರ್. ನಮ್ಮ 230 ವೋಲ್ಟಿಗೆ ನೇರ ಓಡುವ ಚಾಸಿಯಲ್ಲಿ (ಮಾನಿಟರಿನ ಮುಖ್ಯ ಬೋರ್ಡ್) ಅದರ ಮೇಲೆ ಸುಮಾರು 325 ವೋಲ್ಟ್ ಡಿಸಿ ಕೂತಿರುತ್ತದೆ. ನನ್ನ ಮಟ್ಟಿಗೆ ಹೆಚ್ಚು ಭಯ ಇದರದೇ. ಟ್ಯೂಬಿನ ಶಾಕ್ ಕೈಯನ್ನು ಹಿಂದಕ್ಕೆ ಎಸೆಯುತ್ತದೆ. ಇದು ಎದೆಗೇ ಬೀಳಬಹುದು.

ಟ್ಯೂಬಿನ ಚಾರ್ಜ್ ಇಳಿಸುವುದು ಹೀಗೆ. ಪ್ಲಗ್ ಕಿತ್ತು ಎದುರಿಗೆ ಕಾಣುವ ಹಾಗೆ ನೆಲದ ಮೇಲೆ ಇಡಿ. ಉದ್ದ ಪ್ಲಾಸ್ಟಿಕ್ ಹಿಡಿಯ ಚಪ್ಪಟೆ ಸ್ಕ್ರೂಡ್ರೈವರಿನ ಲೋಹಕ್ಕೆ ಒಂದು ಕ್ಲಿಪ್ ವೈರ್ ಕಚ್ಚಿಸಿ. ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಕಪ್ಪು ಬೆನ್ನಿನ ಮೇಲೆ ಜಡೆ ಹೆಣೆದ ಹಾಗೆ ಹಾದುಹೋಗುವ ಬರಿ ತಂತಿಗೆ ಕಚ್ಚಿಸಿ. ಬೋರ್ಡಿನ ಮೇಲೆ ಸಿಕ್ಕ ಯಾವುದೋ ಗ್ರೌಂಡಿಗೆ ಬೇಡ, ಐಸಿಗಳು ಹೋಗುತ್ತವೆ. ಒಂದು ಕೈ ಬೆನ್ನ ಹಿಂದೆ ಇರಲಿ. ಇನ್ನೊಂದು ಕೈಯಿಂದ ಸ್ಕ್ರೂಡ್ರೈವರನ್ನು ರಬ್ಬರ್ ಕಪ್ಪಿನ ಅಂಚಿನಡಿ ನಿಧಾನ ತೂರಿಸಿ, ಒಳಗಿನ ಲೋಹ ಮುಟ್ಟಿಸಿ. ಟಪ್ ಎನ್ನಬಹುದು, ಎನ್ನದೆಯೂ ಇರಬಹುದು. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿ, ಏಕೆಂದರೆ ಗಾಜಿನಲ್ಲಿ ಉಳಿದ ಚಾರ್ಜ್ ಮತ್ತೆ ಮೇಲೆ ಬರುತ್ತದೆ. ದೊಡ್ಡ ಕೆಪಾಸಿಟರಿಗೆ ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಬೇಡಿ. ಹೋಲ್ಡರಿಗೆ ಹಾಕಿದ 40 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವೈರನ್ನು ಅದರ ಎರಡು ಕಾಲಿಗೆ ಕೆಲವು ಸೆಕೆಂಡ್ ಮುಟ್ಟಿಸಿ, ಆಮೇಲೆ ಮೀಟರಿನಲ್ಲಿ ನೋಡಿ. ಸೊನ್ನೆ ಹತ್ತಿರ ಬರುವ ತನಕ ಕೈ ಹಾಕಬೇಡಿ.

ಟ್ಯೂಬಿನ ಹಿಂದಿನ ಸಣ್ಣ ಕುತ್ತಿಗೆಯ ಬಗ್ಗೆ ಬಹಳ ಎಚ್ಚರ. ಅದು ತೆಳು ಗಾಜು. ಬೋರ್ಡ್ ಎಳೆಯುವಾಗ ಪಕ್ಕಕ್ಕೆ ಅಲ್ಲಾಡಿಸಿದರೆ ಮುರಿಯುತ್ತದೆ, ಅಲ್ಲಿಗೆ ಕತೆ ಮುಗಿಯಿತು. ಕನ್ನಡಕ ಹಾಕಿಕೊಳ್ಳಿ. ಉಂಗುರ, ಸರ, ವಾಚು ತೆಗೆಯಿರಿ. ಒದ್ದೆ ಕಾಲಿನಲ್ಲಿ, ಒಬ್ಬರೇ ಇದ್ದಾಗ, ಗುಡುಗು ಇದ್ದಾಗ ಈ ಕೆಲಸ ಬೇಡ. ಕರೆಂಟಿನ ಕೆಲಸ ಮಾಡಿ ಅಭ್ಯಾಸ ಇಲ್ಲದವರು ಹೊರಗಿನ ಪರೀಕ್ಷೆಗಳನ್ನು ಮಾಡಿ ಅಲ್ಲಿಗೆ ನಿಲ್ಲಿಸಿ. ಅಷ್ಟು ಹೇಳಿದರೂ ಮೆಕ್ಯಾನಿಕ್‌ಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಇನ್ನೊಂದು ಮಾತು. ಜಪಾನ್, ಅಮೆರಿಕದ ಮಾನಿಟರುಗಳು 100–120 ವೋಲ್ಟಿನವು. ಹಲವು ಚಾಸಿಗಳಿಗೆ ಪೆಟ್ಟಿಗೆಯಲ್ಲಿ, ಮನೆಯ ಲೈನಿನಿಂದ ಚಾಸಿಯನ್ನು ಬೇರ್ಪಡಿಸುವ, ಬೇರೆಯೇ ಒಂದು ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ 230ರಿಂದ 110ರ ಕನ್ವರ್ಟರ್‌ಗಳಲ್ಲಿ ಹಲವು ಆಟೊ ಟ್ರಾನ್ಸ್‌ಫಾರ್ಮರ್‌ಗಳು. ವೋಲ್ಟೇಜ್ ಇಳಿಸುತ್ತವೆ, ಬೇರ್ಪಡಿಸುವುದಿಲ್ಲ. ಪ್ಲಗ್ ತೆಗೆದು, ಒಳಹೋಗುವ ಪಿನ್ನಿಗೂ ಹೊರಬರುವ ಪಿನ್ನಿಗೂ ಮಧ್ಯೆ ಓಮ್ ಅಳೆಯಿರಿ. ಕೆಲವೇ ಓಮ್ ತೋರಿಸಿದರೆ ಅದು ಆಟೊ. ಅದನ್ನು ನಂಬಿ ಚಾಸಿ ಮುಟ್ಟಬೇಡಿ. ನಿಜವಾದ ಐಸೊಲೇಷನ್ ಇದ್ದರೂ ಎರಡು ಕೈಯಿಂದ ಎರಡು ಕಡೆ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಮನೆಯ ಇಎಲ್‌ಸಿಬಿ ಆಗ ಬೀಳುವುದೂ ಇಲ್ಲ, ಯಾಕೆಂದರೆ ಟ್ರಾನ್ಸ್‌ಫಾರ್ಮರಿನ ಆಚೆ ಆಗುವುದು ಅದಕ್ಕೆ ತಿಳಿಯುವುದಿಲ್ಲ.

ಕಾಯಿನ್ ಬಾಗಿಲು ಮುಟ್ಟಿದರೆ ಕೈ ಜುಮ್ ಎನ್ನುತ್ತದೆ

ಚಿತ್ರ ಚೆನ್ನಾಗಿಯೇ ಬರುತ್ತಿದೆ ಎಂದು ಇದನ್ನು ಬಿಡುವವರು ಬಹಳ. ನಾನು ಮೊದಲು ನೋಡುವುದೇ ಇದನ್ನು. ಮಳೆಗಾಲದಲ್ಲಿ ಮಕ್ಕಳು ಬರಿಗಾಲಿನಲ್ಲಿ ತೇವದ ನೆಲದ ಮೇಲೆ ನಿಂತು ಆಡುತ್ತಾರೆ ಅಲ್ವಾ.

ಆಟ ನಿಲ್ಲಿಸಿ, ಪ್ಲಗ್ ತೆಗೆಯಿರಿ. ಪ್ಲಗ್ಗಿನ ದಪ್ಪ ಅರ್ಥ್ ಪಿನ್ನಿಂದ ಕಾಯಿನ್ ಬಾಗಿಲಿನ ಲೋಹಕ್ಕೆ ಮೀಟರ್ ಹಿಡಿಯಿರಿ. ಒಂದು ಓಮಿಗಿಂತ ಕಡಿಮೆ ಬರಬೇಕು. ಬರದಿದ್ದರೆ ಹಸಿರು ವೈರ್ ಎಲ್ಲೋ ಬಿಟ್ಟಿದೆ, ಅಥವಾ ಯಾರೋ ಎರಡು ಪಿನ್ನಿನ ಪ್ಲಗ್ ಹಾಕಿದ್ದಾರೆ. ಮೂರು ಪಿನ್ನಿನದು ಹಾಕಿ, ಅರ್ಥ್ ವೈರನ್ನು ಕಾಯಿನ್ ಬಾಗಿಲು, ಜಾಯ್‌ಸ್ಟಿಕ್ಕಿನ ಲೋಹದ ತಟ್ಟೆ, ಮಾನಿಟರಿನ ಲೋಹದ ಚೌಕಟ್ಟು ಎಲ್ಲಕ್ಕೂ ಕೊಡಿ. ಬಣ್ಣ ಬಳಿದ ಲೋಹಕ್ಕೆ ಸ್ಕ್ರೂ ಹಾಕಿದರೆ ಹಿಡಿಯುವುದಿಲ್ಲ. ಕೆರೆದು ಹಾಕಿ.

ಪೆಟ್ಟಿಗೆಯಲ್ಲಿ ಸರಿ ಇದ್ದೂ ಜುಮ್ ಎಂದರೆ ಮನೆಯ ಅರ್ಥಿಂಗ್ ಸರಿ ಇಲ್ಲ. ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು. ಆಟ ಹಾಕಿದ ಕೂಡಲೇ ಇಎಲ್‌ಸಿಬಿ ಬೀಳುತ್ತಿದ್ದರೆ ಅದನ್ನು ಬೈಪಾಸ್ ಮಾಡಬೇಡಿ. ಎಲ್ಲೋ ವೈರ್ ಸಿಪ್ಪೆ ಸುಲಿದು ಲೋಹಕ್ಕೆ ತಾಗುತ್ತಿದೆ ಎಂದು ಅದು ಹೇಳುತ್ತಿದೆ. ಸ್ವಿಚ್ ಹಾಕುವ ಜಾಗ ಮತ್ತು ಹಿಂಬಾಗಿಲ ಅಂಚು ಮೊದಲು ನೋಡಿ.

ಬೆಳಕಿಲ್ಲ, ಶಬ್ದವೂ ಇಲ್ಲ

ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ, ಕರೆಂಟ್ ಇದೆಯಾ ನೋಡಿ. ಹಲವು ಪೆಟ್ಟಿಗೆಗಳ ಹಿಂಬಾಗಿಲಲ್ಲಿ ಒಂದು ಸಣ್ಣ ಸ್ವಿಚ್ ಇರುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅದು ಕರೆಂಟ್ ಕಡಿಯುತ್ತದೆ. ಮಳೆಗಾಲದಲ್ಲಿ ಪ್ಲೈವುಡ್ ಉಬ್ಬಿ ಬಾಗಿಲು ಪೂರ್ತಿ ಕೂರುವುದಿಲ್ಲ. ಇಷ್ಟಕ್ಕೇ ಕುಶಾಲನಗರದಿಂದ ಮೆಕ್ಯಾನಿಕ್ ಕರೆಸಿದವರನ್ನು ನೋಡಿದ್ದೇನೆ.

ಆಮೇಲೆ ಫ್ಯೂಸ್. ಕಣ್ಣಿಗೆ ಸರಿ ಕಂಡರೂ ತೆಗೆದು ಮೀಟರಿನಲ್ಲಿ ಅಳೆಯಿರಿ. ತಂತಿ ಮೆತ್ತಗೆ ತುಂಡಾಗಿದ್ದರೆ ವಯಸ್ಸಾಗಿರಬಹುದು ಅಥವಾ ಕರೆಂಟ್ ಬಂದಾಗಿನ ಹೊಡೆತ ಇರಬಹುದು. ಅದೇ ಆಂಪಿಯರಿನ, ಅದೇ ಬಗೆಯ ಹೊಸದು ಒಮ್ಮೆ ಹಾಕಿ ನೋಡಿ. ಗಾಜು ಕಪ್ಪಾಗಿ ಒಳಗೆ ಕನ್ನಡಿಯಂತೆ ಮೆತ್ತಿದ್ದರೆ ಶಾರ್ಟ್ ಇದೆ. ಹೊಸದೂ ಹೋಗುತ್ತದೆ. ತಾಮ್ರದ ಎಳೆ ಸುತ್ತಿ ಓಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ಮರದ ಪೆಟ್ಟಿಗೆಯೊಳಗೆ ಅದು ಬೆಂಕಿಗೆ ದಾರಿ. ಖಂಡಿತ ಬೇಡ.

ಶಾರ್ಟ್ ಅನುಮಾನ ಇದ್ದರೆ ಹಳೆಯ ಟಿವಿ ಮೆಕ್ಯಾನಿಕ್‌ಗಳ ಸೀರೀಸ್ ಬಲ್ಬ್ ಒಳ್ಳೆಯ ಉಪಾಯ. ಮಾನಿಟರಿಗೆ ಹೋಗುವ ಒಂದು ವೈರಿನ ಮಧ್ಯೆ 100 ವ್ಯಾಟಿನ ಫಿಲಮೆಂಟ್ ಬಲ್ಬ್ ಬರುವ ಹಾಗೆ ಮಾಡಿ. ಡಿಗಾಸ್ ಕಾಯಿಲ್, ಅಂದರೆ ಟ್ಯೂಬಿನ ಸುತ್ತ ಕಟ್ಟಿದ ದಪ್ಪ ಸುರುಳಿ, ಅದರ ಪ್ಲಗ್ ತೆಗೆದಿಡಿ. ಬಲ್ಬ್ ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಶಾರ್ಟ್ ಇಲ್ಲ. ಜೋರಾಗಿಯೇ ಉಳಿದರೆ ತಕ್ಷಣ ಆಫ್ ಮಾಡಿ. ಹೆಚ್ಚಾಗಿ, ಚಿತ್ರವನ್ನು ಎಡ ಬಲಕ್ಕೆ ಹರಡುವ ಹಾರಿಜಾಂಟಲ್ ಭಾಗದ ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಪವರ್ ಭಾಗದ ಡಯೋಡ್ ಹೋಗಿರುತ್ತದೆ. ಇದು ವೈರಿನ ಕೆಲಸ ಅಲ್ಲ. ಬಲ್ಲವರಿಗೆ ಕೊಡಿ.

ಆಟದ ಶಬ್ದ ಇದೆ, ಪರದೆ ಕತ್ತಲು

ಕಾಯಿನ್ ಹಾಕಿದರೆ ಟಿಣ್ ಎನ್ನುತ್ತದೆ, ಬಟನ್ ಒತ್ತಿದರೆ ಆಟ ಶುರುವಾದ ಸದ್ದು ಬರುತ್ತದೆ. ಹಾಗಿದ್ದರೆ ಆಟದ ಬೋರ್ಡ್ ಬದುಕಿದೆ. ಇನ್ನು ನೋಡಬೇಕಾದದ್ದು ಮಾನಿಟರ್, ಇಲ್ಲವೇ ಎರಡರ ನಡುವಿನ ವೈರ್.

ಕೋಣೆ ಕತ್ತಲೆ ಮಾಡಿ. ಹಿಂದಿನಿಂದ ದೂರ ನಿಂತು, ಏನನ್ನೂ ಮುಟ್ಟದೆ, ಟ್ಯೂಬಿನ ಕುತ್ತಿಗೆಯೊಳಗೆ ನೋಡಿ. ಸಣ್ಣ ಕಿತ್ತಳೆ ಕೆಂಡ ಕಾಣಬೇಕು. ಅದು ಹೀಟರ್.

ಕೆಂಡ ಇದೆ, ಮುಂಗೈಯನ್ನು ಪರದೆಯ ಹತ್ತಿರ ತಂದರೆ ರೋಮ ಎದ್ದು ನಿಲ್ಲುತ್ತದೆ ಎಂದರೆ ಟ್ಯೂಬಿಗೆ ಬೇಕಾದ ಹೈ ವೋಲ್ಟೇಜೂ ಬರುತ್ತಿದೆ. ಸಿಗ್ನಲ್ ಇಲ್ಲದಿದ್ದರೆ ಹಲವು ಚಾಸಿಗಳು ಪರದೆಯನ್ನು ಕತ್ತಲೆಯಾಗಿಯೇ ಇಡುತ್ತವೆ. ಹಾಗಾಗಿ ವಿಡಿಯೋ ವೈರ್ ನೋಡಿ. 1985–86ರ ನಂತರದ ಹೆಚ್ಚಿನ ಪೆಟ್ಟಿಗೆಗಳಲ್ಲಿ ಜಾಮಾ ಎಂಬ 56 ಪಿನ್ನಿನ ಕನೆಕ್ಟರ್ ಇರುತ್ತದೆ. ಬೋರ್ಡಿನ ಭಾಗಗಳಿರುವ ಬದಿಯಲ್ಲಿ 12ನೇ ಪಿನ್ ಕೆಂಪು, 13 ನೀಲಿ, 14 ವಿಡಿಯೋ ಗ್ರೌಂಡ್. ಬೆಸುಗೆ ಬದಿಯಲ್ಲಿ ಎನ್ ಪಿನ್ ಹಸಿರು, ಪಿ ಪಿನ್ ಸಿಂಕ್, ಅಂದರೆ ಚಿತ್ರವನ್ನು ಹಿಡಿದು ನಿಲ್ಲಿಸುವ ಸಿಗ್ನಲ್. ಪವರ್ ಆಫ್ ಮಾಡಿ ಕನೆಕ್ಟರ್ ಎಳೆದು, ಬೋರ್ಡಿನ ಅಂಚಿನ ಪಟ್ಟಿಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಲು ಬಿಡಿ. ಉಪ್ಪು ಕಾಗದ ಬೇಡ, ಮೇಲಿನ ಲೇಪವೇ ಹೋಗುತ್ತದೆ. ಐದು ರೂಪಾಯಿಯ ರಬ್ಬರಿನಲ್ಲಿ ಎಷ್ಟೋ ಪೆಟ್ಟಿಗೆ ಎದ್ದು ಕೂತಿವೆ.

ಕೆಂಡವೇ ಇಲ್ಲ ಎಂದರೆ, ಚಾರ್ಜ್ ಇಳಿಸಿದ ಮೇಲೆ ಕುತ್ತಿಗೆಯ ತುದಿಗೆ ಸಿಕ್ಕಿಸಿದ ಸಣ್ಣ ಬೋರ್ಡನ್ನು, ಅಂದರೆ ನೆಕ್ ಬೋರ್ಡನ್ನು, ನೇರವಾಗಿ ಹಿಂದಕ್ಕೆ ಎಳೆಯಿರಿ. ಹೀಟರಿನ ಎರಡು ಪಿನ್ ನಡುವೆ ಕೆಲವೇ ಓಮ್ ಬರಬೇಕು. ಬಂದರೆ ಟ್ಯೂಬಿನ ಹೀಟರ್ ಸರಿ ಇದೆ. ಅಲ್ಲಿಗೆ ಬರುವ ವೈರು, ಸಾಕೆಟ್ಟು ನೋಡಿ. ಹೀಟರಿಗೆ ಬೇಕಾದದ್ದು 6.3 ವೋಲ್ಟ್. ಆದರೆ ಅದು ಬಹಳ ಚಾಸಿಗಳಲ್ಲಿ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನಿಂದಲೇ ಬರುತ್ತದೆ. ಅದು ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಸಲ ಮಿಡಿಯುವುದರಿಂದ ಸಾಧಾರಣ ಮೀಟರ್ ಸರಿಯಾಗಿ ತೋರಿಸುವುದಿಲ್ಲ. ಸುಳ್ಳು ಅಂಕಿ ನೋಡಿ ಗಾಬರಿಯಾಗಬೇಡಿ. ಅಂಥ ಚಾಸಿಯಲ್ಲಿ ಕೆಂಡ ಇಲ್ಲ ಎಂದರೆ ಹಾರಿಜಾಂಟಲ್ ಭಾಗ ಪೂರ್ತಿ ನಿಂತಿದೆ ಎಂದೂ ಅರ್ಥ ಆಗಬಹುದು.

ಕುತ್ತಿಗೆಯ ಒಳಗೋಡೆಯಲ್ಲಿ ಬೆಳ್ಳಿ ಕನ್ನಡಿಯಂಥ ಮಚ್ಚೆ ಇರುತ್ತದೆ. ಅದು ಹಾಲಿನ ಹಾಗೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ. ಆ ಟ್ಯೂಬ್ ನಿಜಕ್ಕೂ ಹೋಗಿದೆ, ಮುಂದೆ ಖರ್ಚು ಮಾಡಬೇಡಿ.

ಪರದೆಯ ನಡುವೆ ಒಂದೇ ಗೆರೆ

ಮೊದಲು ಆಫ್ ಮಾಡಿ. ಅಷ್ಟೂ ಬೆಳಕು ಒಂದೇ ಗೆರೆಯ ಮೇಲೆ ಬಿದ್ದರೆ ಒಳಗಿನ ಲೇಪ ಸುಟ್ಟು, ಚಿತ್ರ ಬಂದ ಮೇಲೂ ಕಲೆ ಉಳಿಯುತ್ತದೆ.

ಗೆರೆ ಅಡ್ಡ ಇದ್ದರೆ ಚಿತ್ರವನ್ನು ಮೇಲೆ ಕೆಳಗೆ ಹರಡುವ ವರ್ಟಿಕಲ್ ಭಾಗ ನಿಂತಿದೆ. ಗೆರೆ ಉದ್ದಕ್ಕೆ, ಅಂದರೆ ಮೇಲಿಂದ ಕೆಳಗೆ ಇದ್ದರೆ, ಹಾರಿಜಾಂಟಲ್ ಯೋಕಿಗೆ ಹೋಗುವ ದಾರಿ ಕಡಿದಿದೆ. ಎರಡನೆಯದರಲ್ಲಿ ಪದೇ ಪದೇ ಆನ್ ಮಾಡಿ ನೋಡಬೇಡಿ. ಹಾರಿಜಾಂಟಲ್ ಟ್ರಾನ್ಸಿಸ್ಟರ್ ಮೇಲೆ ಹೊರೆ ಬೀಳುತ್ತದೆ. ಯೋಕ್ ಪ್ಲಗ್ ಕಳಚಿ ಮಾನಿಟರ್ ಓಡಿಸುವುದೂ ಬೇಡ.

ಚಾರ್ಜ್ ಇಳಿಸಿ, ಯೋಕಿನಿಂದ ಬರುವ ನಾಲ್ಕು ವೈರನ್ನು ಹಿಂಬಾಲಿಸಿ. ಯೋಕ್ ಎಂದರೆ ಕುತ್ತಿಗೆಯ ಬುಡದಲ್ಲಿ ಕೂತ ತಾಮ್ರದ ಸುರುಳಿ. ಕಳಚುವ ಮೊದಲು ಫೋಟೊ ತೆಗೆಯಿರಿ. ಎರಡು ವೈರ್ ಅದಲು ಬದಲಾದರೆ ಚಿತ್ರ ತಲೆಕೆಳಗಾಗುತ್ತದೆ ಅಥವಾ ಕನ್ನಡಿಯಲ್ಲಿ ನೋಡಿದ ಹಾಗಾಗುತ್ತದೆ. ಪ್ಲಗ್ ತೆಗೆದು ಸುರುಳಿ ಅಳೆಯಿರಿ. ಹಾರಿಜಾಂಟಲ್ ಸುರುಳಿ ಒಂದೆರಡು ಓಮ್, ವರ್ಟಿಕಲ್ ಅದಕ್ಕಿಂತ ಜಾಸ್ತಿ, ಕೆಲವದರಲ್ಲಿ ಹತ್ತಾರು ಓಮ್ ಬರುತ್ತದೆ. ಮೀಟರ್ ಅಲ್ಲಾಡದಿದ್ದರೆ ಸುರುಳಿಯ ತುದಿಯ ಬೆಸುಗೆ ಬಿಟ್ಟಿರಬಹುದು. ಅದು ಕಣ್ಣಿಗೇ ಕಾಣುತ್ತದೆ.

ಸುರುಳಿ ಸರಿ ಇದ್ದರೆ ಕನೆಕ್ಟರ್ ನೋಡಿ. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಪಿನ್ ಬಿಸಿಯಾಗುತ್ತಿತ್ತು, ಹಿಡಿತ ಸಡಿಲ. ಹಸಿರು ಪುಡಿ ಇದ್ದರೆ ಕಿಲುಬು. ಬೋರ್ಡ್ ಮಗುಚಿ ಅದೇ ಪಿನ್ನುಗಳ ಬೆಸುಗೆಯನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಉಂಗುರದ ಹಾಗೆ ಕಪ್ಪು ಗೆರೆ ಕಂಡರೆ ಅದೇ ಡ್ರೈ ಸೋಲ್ಡರ್. ನಾಪೋಕ್ಲಿನಲ್ಲಿ ನನಗೆ ಸಿಕ್ಕಿದ್ದು ಇದು. ಯೋಕಿನ ಪಿನ್ನುಗಳು ಆಟ ಆಡುವಾಗ ಬಿಸಿಯಾಗಿ ಹಿಗ್ಗುತ್ತವೆ, ಆಫ್ ಮಾಡಿದಾಗ ಕುಗ್ಗುತ್ತವೆ. ವರ್ಷಗಟ್ಟಲೆ ಹೀಗಾದರೆ ಬೆಸುಗೆ ಪಿನ್ನಿನಿಂದ ಬಿಡುತ್ತದೆ. ಬಿಟ್ಟ ಸಂದಿಗೆ ನಮ್ಮೂರ ತೇವ ಹೋಗುತ್ತದೆ.

ಮೇಲೆ ಸುಮ್ನೆ ಸ್ವಲ್ಪ ಸೀಸ ಹಚ್ಚಿದರೆ ಒಂದು ವಾರ ಓಡಿ ಮತ್ತೆ ನಿಲ್ಲುತ್ತದೆ. ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆಯಬೇಕು. ಪಿನ್ ಕಪ್ಪಾಗಿದ್ದರೆ ಹೊಳೆಯುವ ತನಕ ಕೆರೆಯಬೇಕು. ಫ್ಲಕ್ಸ್ ಹಚ್ಚಿ, 60/40 ಸೋಲ್ಡರಿನಲ್ಲಿ ಪಿನ್ ಮತ್ತು ಬೋರ್ಡ್ ಎರಡನ್ನೂ ಒಟ್ಟಿಗೆ ಕಾಯಿಸಿ ತುಂಬಬೇಕು. ಬೆಸುಗೆ ಹೊಳೆಯುವ ಗುಡ್ಡದ ಹಾಗೆ ಪಿನ್ನಿಗೆ ಏರಿರಬೇಕು. ಮಂಜು ಕವಿದ ಹಾಗೆ ಮಂಕಾಗಿದ್ದರೆ ಮತ್ತೆ ಮಾಡಿ. ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ.

ಇಷ್ಟಾದರೂ ಅಡ್ಡ ಗೆರೆಯೇ ಇದ್ದರೆ ವರ್ಟಿಕಲ್ ಐಸಿ, ಅದಕ್ಕೆ ವೋಲ್ಟೇಜ್ ಕೊಡುವ ಫ್ಯೂಸಿಬಲ್ ರೆಸಿಸ್ಟರ್, ಸುತ್ತಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಉಳಿಯುತ್ತವೆ. ಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಹೋಗುವಾಗ ಹಳೆಯ ಐಸಿಯ ನಂಬರ್ ಬರೆದುಕೊಂಡು ಹೋಗಿ.

ಒಂದು ಬಣ್ಣ ಇಲ್ಲ, ಅಥವಾ ಒಂದೇ ಬಣ್ಣ ತುಂಬಿದೆ

ಬಿಳಿ ಅಕ್ಷರ ಹಳದಿಯಾದರೆ ನೀಲಿ ಹೋಗಿದೆ. ಬಿಳಿ ಅಕ್ಷರ ಗುಲಾಬಿ ಬೆರೆತ ನೇರಳೆಯಾದರೆ ಹಸಿರು ಇಲ್ಲ. ನೀಲಿ ಹಸಿರು ಬೆರೆತ ಬಣ್ಣವಾದರೆ ಕೆಂಪು ಇಲ್ಲ.

ಇಲ್ಲಿ ಒಂದು ಪರೀಕ್ಷೆ ಇದೆ, ಕಾಸು ಖರ್ಚಿಲ್ಲ. ಕೆಂಪು ಕಾಣುತ್ತಿಲ್ಲ ಎಂದುಕೊಳ್ಳಿ. ಪವರ್ ಆಫ್ ಮಾಡಿ, ಮಾನಿಟರಿನ ವಿಡಿಯೋ ಪ್ಲಗ್ಗಿನಲ್ಲಿ ಕೆಂಪು ಮತ್ತು ಹಸಿರು ವೈರನ್ನು ಅದಲು ಬದಲು ಮಾಡಿ. ಆನ್ ಮಾಡಿದಾಗ ಕೆಂಪು ಬಂದು ಹಸಿರು ಮಾಯವಾದರೆ ಮಾನಿಟರ್ ಸರಿ ಇದೆ. ತಪ್ಪು ವೈರಿನಲ್ಲೋ ಆಟದ ಬೋರ್ಡಿನಲ್ಲೋ ಇದೆ. ಬದಲಿಸಿದ ಮೇಲೂ ಕೆಂಪು ಬರದಿದ್ದರೆ ನೆಕ್ ಬೋರ್ಡ್ ಕಡೆ ನೋಡಿ. ಆ ಬಣ್ಣದ ಟ್ರಾನ್ಸಿಸ್ಟರ್ ಕಾಲು, ಚಾಸಿಯಿಂದ ಅಲ್ಲಿಗೆ ಬರುವ ವೈರಿನ ಬೆಸುಗೆ, ಟ್ಯೂಬ್ ಸಾಕೆಟ್. ನೆಕ್ ಬೋರ್ಡ್ ಗಾಳಿಯಲ್ಲಿ ತೂಗುವುದರಿಂದ ಅದರ ವೈರ್ ಬುಡಗಳು ಬೇಗ ಸಡಿಲಾಗುತ್ತವೆ.

ವೈರಿನ ಕಡೆಯಾದರೆ ಕನೆಕ್ಟರಿನಿಂದ ಕನೆಕ್ಟರಿಗೆ ಮೀಟರಿನ ಬೀಪ್ ಹಿಡಿದು, ಹಿಡಿದುಕೊಂಡೇ ವೈರ್ ಅಲ್ಲಾಡಿಸಿ. ಬೀಪ್ ತುಂಡು ತುಂಡಾದರೆ ಒಳಗೆ ಕಡಿದಿದೆ. ಇಲಿಯ ಹಲ್ಲಿನ ಗುರುತು ಇದೆಯಾ ಎಂದೂ ನೋಡಿ. ತೋಟದ ಮನೆಗಳಲ್ಲಿ ಪೆಟ್ಟಿಗೆಯ ಅಡಿಭಾಗ ಇಲಿಗೆ ಬೆಚ್ಚನೆಯ ಗೂಡು. ಕಾಫಿ ಬೀಜದ ಸಿಪ್ಪೆ ಒಳಗೆ ಸಿಕ್ಕಿದರೆ ಎಲ್ಲ ವೈರನ್ನೂ ಬುಡದಿಂದ ತುದಿಯ ತನಕ ಪರೀಕ್ಷಿಸಿ.

ಪರದೆ ಪೂರ್ತಿ ಒಂದೇ ಬಣ್ಣದಲ್ಲಿ ಉರಿಯುತ್ತಿದ್ದು, ಮೇಲೆ ಓರೆಯಾದ ಸಣ್ಣ ಗೆರೆಗಳಿದ್ದರೆ ಅದು ಬೇರೆ. ನೆಕ್ ಬೋರ್ಡಿನ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು, ಟ್ಯೂಬಿನ ಒಳಗೇ ಶಾರ್ಟ್ ಇರಬಹುದು. ಆಫ್ ಮಾಡಿ ಬಲ್ಲವರಿಗೆ ತೋರಿಸಿ.

ಮೂಲೆಯಲ್ಲಿ ಮಾತ್ರ ಬಣ್ಣದ ಕಲೆ ಇದ್ದರೆ ಟ್ಯೂಬಿಗೆ ಅಯಸ್ಕಾಂತ ಹಿಡಿದಿದೆ. ಹತ್ತಿರದ ಸ್ಪೀಕರ್, ಸ್ಟೆಬಿಲೈಸರ್ ದೂರ ಇಟ್ಟು, ಅರ್ಧ ಗಂಟೆ ಆಫ್ ಮಾಡಿ ಮತ್ತೆ ಹಾಕಿ. ಅಯಸ್ಕಾಂತ ಬಿಡಿಸುವ ಡಿಗಾಸ್ ಕಾಯಿಲಿನ ಪ್ಲಗ್ ಹಾಕಲು ಮರೆತಿರಲೂಬಹುದು.

ಚಿತ್ರ ಉರುಳುತ್ತದೆ, ಓರೆಯಾಗಿ ಹರಿದುಹೋಗುತ್ತದೆ

ಚಿತ್ರವನ್ನು ಹಿಡಿದು ನಿಲ್ಲಿಸುವುದು ಸಿಂಕ್ ವೈರ್. ಜಾಮಾದ ಪಿ ಪಿನ್ನಿಂದ ಮಾನಿಟರಿನ ತನಕ ಅದನ್ನು ಪರೀಕ್ಷಿಸಿ. 14ನೇ ಪಿನ್ನಿನ ಗ್ರೌಂಡನ್ನೂ ಪರೀಕ್ಷಿಸಿ, ಅದು ಕಡಿದರೂ ಚಿತ್ರ ಕುಣಿಯುತ್ತದೆ. ವೈರ್ ಸರಿ ಇದ್ದರೆ ಮಾತ್ರ ಚಾಸಿಯ ಮೇಲಿನ ಹೋಲ್ಡ್ ಎಂಬ ತಿರುಪು ತಿರುಗಿಸಿ. ಮೇಲೆ ಕೆಳಗೆ ಉರುಳಿದರೆ ವರ್ಟಿಕಲ್ ಹೋಲ್ಡ್, ಓರೆಯಾಗಿ ಹರಿದರೆ ಹಾರಿಜಾಂಟಲ್ ಹೋಲ್ಡ್. ಮೊದಲಿದ್ದ ಜಾಗಕ್ಕೆ ಮಾರ್ಕರಿನಲ್ಲಿ ಗುರುತು ಹಾಕಿ, ಪ್ಲಾಸ್ಟಿಕ್ ಸ್ಕ್ರೂಡ್ರೈವರಿನಲ್ಲೇ ತಿರುಗಿಸಿ.

ಒಂದೇ ಬೋರ್ಡಿನಲ್ಲಿ ಹತ್ತಾರು ಆಟ ಇರುವ ಹೊಸ ಬೋರ್ಡ್ ಹಾಕಿದ ಮೇಲೆ ಹೀಗಾಯಿತಾ? ಹಾಗಿದ್ದರೆ ವೈರ್ ಬಿಚ್ಚಬೇಡಿ. ಹಳೆಯ ಮಾನಿಟರಿಗೆ ಬೇಕಾದದ್ದು ಸುಮಾರು 15 ಕಿಲೋಹರ್ಟ್ಸ್. ಬೋರ್ಡ್ ಕಂಪ್ಯೂಟರ್ ಪರದೆಗೆ ಬೇಕಾದ 31 ಕಿಲೋಹರ್ಟ್ಸ್ ಕೊಡುತ್ತಿರಬಹುದು. ಸಣ್ಣ ಸ್ವಿಚ್ಚಿನಲ್ಲಿ ವಿಜಿಎ ಬದಲು ಸಿಜಿಎ ಮಾಡಿ. ತಪ್ಪು ಸಿಗ್ನಲಿನಲ್ಲಿ ಬಹಳ ಹೊತ್ತು ಓಡಿಸಬೇಡಿ.

ಸಂಜೆ ಹೊತ್ತು ಚಿತ್ರ ಕುಗ್ಗುತ್ತದೆ, ನಡುಗುತ್ತದೆ

ನಾಲ್ಕೂ ಕಡೆಯಿಂದ ಚಿತ್ರ ಸಣ್ಣದಾದರೆ ಮೊದಲು ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ಅಳೆಯಿರಿ, ಅದೂ ಸಂಜೆಯೇ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಿಗೆ ಇದು ಹೊಸತಲ್ಲ. ಒಳ್ಳೆಯ ಸ್ಟೆಬಿಲೈಸರ್ ಸಾಕು. ಚಿತ್ರ ದೊಡ್ಡದು ಮಾಡಲು ಚಾಸಿಯ ಬಿ-ಪ್ಲಸ್ (ಮುಖ್ಯ ಡಿಸಿ ವೋಲ್ಟೇಜ್) ತಿರುಪು ಏರಿಸಬೇಡಿ. ಅದರ ಜೊತೆ ಟ್ಯೂಬಿನ ಹೈ ವೋಲ್ಟೇಜೂ ಏರುತ್ತದೆ, ಮಿತಿ ದಾಟಿದರೆ ಎಕ್ಸ್ ರೇ ಹೊರಬೀಳುವ ಅಪಾಯ ಇದೆ.

ವೋಲ್ಟೇಜ್ ಸರಿ ಇದ್ದೂ ಚಿತ್ರದ ಅಂಚು ಅಲೆಅಲೆಯಾಗಿ ನಡುಗಿದರೆ ಗ್ರೌಂಡ್ ವೈರ್ ಸಡಿಲ ಅಥವಾ ದೊಡ್ಡ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಅಮೆರಿಕದವರ ಕೈಪಿಡಿಗಳಲ್ಲಿ ಇದನ್ನು ನಿಧಾನ ತೆವಳುವ ಪಟ್ಟಿ ಎಂದು ವಿವರಿಸಿರುತ್ತಾರೆ. ಅವರ ಕರೆಂಟ್ 60 ಹರ್ಟ್ಸ್, ಆಟವೂ ಹೆಚ್ಚುಕಡಿಮೆ 60. ನಮ್ಮದು 50. ಅದಕ್ಕೆ ಇಲ್ಲಿ ಅದು ತೆವಳುವುದಿಲ್ಲ, ಬೇಗ ಬೇಗ ನಡುಗುತ್ತದೆ. ಕೆಪಾಸಿಟರ್ ಬದಲಿಸುವಾಗ 105 ಡಿಗ್ರಿಯದು ತನ್ನಿ. ಪ್ಲಸ್ ಮೈನಸ್ ಗಮನಿಸಿ, ತಿರುಗಿ ಹಾಕಿದರೆ ಸಿಡಿಯುತ್ತದೆ.

ತಟ್ಟಿದರೆ ಸರಿಹೋಗುತ್ತದೆ

ತಟ್ಟಿ ಆಡುತ್ತಾ ಹೋಗಬೇಡಿ. ಸಡಿಲ ಜಾಗದಲ್ಲಿ ಕಿಡಿ ಹಾರಿ ಬೋರ್ಡೇ ಸುಡುತ್ತದೆ. ಯಾವ ಭಾಗ ಎಂದು ಹುಡುಕಲು ಬೋರ್ಡನ್ನು ಓಡುತ್ತಿರುವಾಗ ಮೆತ್ತಗೆ ತಟ್ಟುವ ರೂಢಿ ಮೆಕ್ಯಾನಿಕ್‌ಗಳಲ್ಲಿ ಇದೆ. ಅಭ್ಯಾಸ ಇದ್ದವರು ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಬಳಸಿ, ಒಂದೇ ಕೈಯಲ್ಲಿ. ಮರದ ಕಡ್ಡಿ ಬೇಡ. ನಮ್ಮ ಮಳೆಗಾಲದಲ್ಲಿ ಒಣಗಿದ ಕಡ್ಡಿ ಎನ್ನುವುದೇ ಇಲ್ಲ. ಅಭ್ಯಾಸ ಇಲ್ಲದವರು ಚಾರ್ಜ್ ಇಳಿಸಿ, ಯೋಕ್, ಇಎಚ್‌ಟಿ ಟ್ರಾನ್ಸ್‌ಫಾರ್ಮರ್, ಹೀಟ್ ಸಿಂಕ್ (ಬಿಸಿ ಹೀರುವ ಲೋಹದ ತಟ್ಟೆ) ಮೇಲಿನ ಭಾಗಗಳು, ಪವರ್ ಪ್ಲಗ್, ಈ ನಾಲ್ಕರ ಬೆಸುಗೆಯನ್ನು ಹೊಸದಾಗಿ ಹಾಕಿ. ತೂಕದ ಭಾಗ ಮತ್ತು ಬಿಸಿಯಾಗುವ ಭಾಗದ ಬುಡವೇ ಮೊದಲು ಬಿಡುವುದು.

ವೈರ್ ಬದಲಿಸಬೇಕಾದರೆ ತಿರುಚಿ ಟೇಪ್ ಸುತ್ತಬೇಡಿ. ಟೇಪಿನ ಗೋಂದು ತೇವಕ್ಕೆ ಕರಗಿ ಬಿಚ್ಚಿಕೊಳ್ಳುತ್ತದೆ. ಬೆಸುಗೆ ಹಾಕಿ ಹೀಟ್ ಶ್ರಿಂಕ್ ತೋಳು ಹಾಕಿ, ಅಥವಾ ಹೊಸ ಪಿನ್ ಕ್ರಿಂಪ್ ಮಾಡಿ. ಹಾರಿಜಾಂಟಲ್ ಯೋಕಿನ ವೈರಿನಲ್ಲಿ ಸಾವಿರ ವೋಲ್ಟ್ ಹತ್ತಿರದ ಹೊಡೆತ ಬರುತ್ತದೆ. ಕಾಲಿಂಗ್ ಬೆಲ್ಲಿನ ತೆಳು ವೈರ್ ಅಲ್ಲಿಗೆ ಆಗುವುದಿಲ್ಲ. ಅಲ್ಲಿ ಸಾಧಾರಣ ಮೀಟರಿನ ಕಡ್ಡಿಯನ್ನೂ ಇಡಬೇಡಿ.

ಚುರ್ ಎನ್ನುವ ಸದ್ದು, ಕಿಡಿ, ಘಾಟು ವಾಸನೆ

ತಕ್ಷಣ ಆಫ್. ಫೋಟೊಕಾಪಿ ಅಂಗಡಿಯಲ್ಲಿ ಬರುವಂಥ ಘಾಟು ಓಝೋನಿನದು. ಹೈ ವೋಲ್ಟೇಜ್ ಸೋರುತ್ತಿದೆ. ಮಳೆ ಜೋರಿದ್ದ ದಿನ, ಬಹಳ ದಿನ ಆಫ್ ಇದ್ದ ಪೆಟ್ಟಿಗೆ ಹಾಕಿದಾಗ ಮಾತ್ರ ಬಂದರೆ ರಬ್ಬರ್ ಕಪ್ಪಿನ ಸುತ್ತ ಧೂಳು ಮತ್ತು ತೇವ ಸೇರಿದೆ. ಚಾರ್ಜ್ ಎರಡು ಬಾರಿ ಇಳಿಸಿ, ಕಪ್ಪಿನ ಒಳಗೆ, ಗಾಜಿನ ಮೇಲೆ ಐಸೊಪ್ರೊಪೈಲಿನಲ್ಲಿ ಒರೆಸಿ. ಸುತ್ತಲಿನ ಕಪ್ಪು ಲೇಪವನ್ನು ಉಜ್ಜಬೇಡಿ. ಒಂದು ದಿನ ಆರಲು ಬಿಡಿ.

ಒಣಗಿಸಿದ ಮೇಲೂ ಸದ್ದು ಬಂದರೆ, ದಪ್ಪ ವೈರಿನಲ್ಲಿ ಅಥವಾ ಇಎಚ್‌ಟಿ ಟ್ರಾನ್ಸ್‌ಫಾರ್ಮರಿನ ಮೈಮೇಲೆ ಬಿರುಕು ಕಂಡರೆ, ಅಲ್ಲಿಗೆ ನಿಮ್ಮ ಕೆಲಸ ನಿಲ್ಲಿಸಿ. ಟೇಪ್, ಎಂ-ಸೀಲ್ ಯಾವುದೂ 20 ಸಾವಿರ ವೋಲ್ಟ್ ತಡೆಯುವುದಿಲ್ಲ. ಪಿಕ್ಚರ್ ಟ್ಯೂಬಿನ ಕಾಲದಲ್ಲಿ ಟಿವಿ ರಿಪೇರಿ ಮಾಡಿದ ಹಿರಿಯರು ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆ ಈಗಲೂ ಸಿಗುತ್ತಾರೆ. ಅಂಗಡಿ ಮುಚ್ಚಿದ್ದರೂ ಕೇಳಿದರೆ ಸಂತೋಷದಿಂದ ಬರುತ್ತಾರೆ. ಅವರಿಗೆ ಪರದೆಯಲ್ಲಿ ಕಂಡದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಿ. ಮಾನಿಟರನ್ನು ಬಿಚ್ಚಿ ಜೀಪಿನಲ್ಲಿ ಹಾಕಿಕೊಂಡು ಹೋಗಬೇಡಿ. ನಮ್ಮ ರಸ್ತೆಯಲ್ಲಿ ಆ ಕುತ್ತಿಗೆ ಉಳಿಯುವುದು ಕಷ್ಟ.

ಸರಿ ಮಾಡಿದ ಮೇಲೆ

ಮೊದಲ ಬಾರಿ ಸೀರೀಸ್ ಬಲ್ಬಿನಲ್ಲೇ ಹಾಕಿ. ಆಮೇಲೆ ನೇರ ಕೊಟ್ಟು ಒಂದು ಗಂಟೆ ಎದುರಿಗೇ ಕೂತು ನೋಡಿ. ಆಫ್ ಮಾಡಿ, ಚಾರ್ಜ್ ಇಳಿಸಿ, ನೀವು ಬದಲಿಸಿದ ಕನೆಕ್ಟರ್ ಮುಟ್ಟಿ ನೋಡಿ. ಬಿಸಿ ಇರಬಾರದು.

ಮಳೆಗಾಲದಲ್ಲಿ ಯಾರೂ ಆಡದಿದ್ದರೂ ವಾರಕ್ಕೆ ಎರಡು ಸಲ ಅರ್ಧ ಗಂಟೆ ಓಡಿಸಿ. ಒಳಗಿನ ಬಿಸಿಯೇ ತೇವ ಓಡಿಸುತ್ತದೆ. ಒಲೆಯ ಮನೆಯ ಪಕ್ಕ ಬೆಚ್ಚಗಿರುತ್ತದೆ ಎಂದು ಅಲ್ಲಿಡಬೇಡಿ, ಹೊಗೆಯ ಮಸಿ ಕನೆಕ್ಟರಿಗೆ ಮೆತ್ತುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗಿನ ದಿನಗಳಲ್ಲಿ ಆಟ ಮುಗಿದ ಕೂಡಲೇ ಪ್ಲಗ್ ಕೀಳಿ, ಸ್ವಿಚ್ ಆಫ್ ಮಾಡಿದರೆ ಸಾಲದು. ನಾಪೋಕ್ಲಿನ ಪೆಟ್ಟಿಗೆಯ ಹಿಂಬಾಗಿಲ ಒಳಬದಿಗೆ ನಾವು ಯೋಕ್ ವೈರುಗಳ ಫೋಟೊ, ಫ್ಯೂಸಿನ ಆಂಪಿಯರ್, ಬೆಸುಗೆ ಹಾಕಿದ ದಿನಾಂಕ ಬರೆದ ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮುಚ್ಚಿ ಅಂಟಿಸಿದ್ದೇವೆ. ಮುಂದೆ ಯಾರು ಬಾಗಿಲು ತೆಗೆದರೂ ಮೊದಲು ಕಾಣುವುದು ಅದು.